ಹಳೇ ಕಾರು ಮಿಸ್ ಹೊಡೆದರೆ ಮೊದಲೇ ಕಾರ್ಬುರೇಟರ್ ಬಿಚ್ಚಬೇಡಿ

ಮೈಸೂರಿನಲ್ಲಿ ಪದ್ಮಿನಿನೋ ಅಂಬಾಸಿಡರೋ ಇಟ್ಟುಕೊಂಡವರಿಗೆ ಈ ಅನುಭವ ಆಗಿಯೇ ಇರುತ್ತದೆ. ಗಾಡಿ ಮಿಸ್ ಹೊಡೆಯುತ್ತಿದೆ, ಅಂದರೆ ಎಂಜಿನ್ ನಡುನಡುವೆ ಉರಿಯದೆ ಮುಗ್ಗರಿಸುತ್ತಿದೆ, ಅಂತ ಗ್ಯಾರೇಜಿಗೆ ಹೋದರೆ ಬಾನೆಟ್ ಎತ್ತಿದ ತಕ್ಷಣ "ಕಾರ್ಬುರೇಟರ್ ಸಾರ್, ಬಿಚ್ಚಿ ಕ್ಲೀನ್ ಮಾಡೋಣ" ಅನ್ನುತ್ತಾರೆ. ಪೆಟ್ರೋಲನ್ನು ಗಾಳಿಗೆ ಬೆರೆಸುವ ಆ ಭಾಗವನ್ನು ಬಿಚ್ಚುತ್ತಾರೆ, ತೊಳೆಯುತ್ತಾರೆ, ಸ್ಕ್ರೂಗಳು ಒಂದೆರಡು ಸುತ್ತು ಆಚೀಚೆ ಆಗುತ್ತವೆ. ಮುಂದಿನ ವಾರ ಅದೇ ಕಥೆ, ಜೊತೆಗೆ ಸ್ಲೋ ಸ್ಪೀಡೂ (ನಿಂತಲ್ಲಿ ಎಂಜಿನ್ ಓಡುವ ವೇಗ) ಕೆಟ್ಟಿರುತ್ತದೆ. ಸರಿಯಾಗಿದ್ದ ಕಾರ್ಬುರೇಟರ್ ಹಾಳಾಯಿತು, ಕಿಡಿಯ ತೊಂದರೆ ಹಾಗೇ ಉಳಿಯಿತು.

ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಬ್ಯಾಟರಿ ಮತ್ತು ಅರ್ತ್ (ಕರೆಂಟ್ ಬಾಡಿ ಮೂಲಕ ಬ್ಯಾಟರಿಗೆ ಮರಳುವ ದಾರಿ), ಆಮೇಲೆ ಕಿಡಿ, ಆಮೇಲೆ ಪೆಟ್ರೋಲ್, ಕೊನೆಗೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ). ಅಳೆಯದೆ ಏನನ್ನೂ ಬದಲಾಯಿಸಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಓಡಿಸಿ ನೋಡಿ, ಆಮೇಲೆ ಇನ್ನೊಂದು. ಕಿಡಿ ಹಾರಿಸುವ ಪ್ಲಗ್, ಕಾಯಿಲಿನ ಕರೆಂಟನ್ನು ಕಡಿದು ಸೇರಿಸುವ ಪಾಯಿಂಟ್, ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್, ಬ್ಯಾಟರಿಯ ವೋಲ್ಟೇಜನ್ನು ಕಿಡಿಗೆ ಬೇಕಾದಷ್ಟು ಏರಿಸುವ ಕಾಯಿಲ್ ಎಲ್ಲ ಒಟ್ಟಿಗೆ ಹೊಸದು ಹಾಕಿದರೆ ಗಾಡಿ ಸರಿಹೋದರೂ ಯಾವುದರಿಂದ ಅಂತ ಗೊತ್ತಾಗುವುದಿಲ್ಲ, ಸರಿಹೋಗದಿದ್ದರಂತೂ ಕೆಟ್ಟದ್ದು ಹಳೆಯದೋ ಹೊಸದೋ ಅನ್ನುವುದೂ ತಿಳಿಯುವುದಿಲ್ಲ.

ನಾನು ಹೇಳುತ್ತಿರುವುದು ಪಾಯಿಂಟ್ ಸೆಟ್ ಇರುವ ಪೆಟ್ರೋಲ್ ಗಾಡಿಗಳಿಗೆ. ಪದ್ಮಿನಿಯದು ಫಿಯೆಟ್ 1100ರಿಂದ ಬಂದ 1089 ಸಿಸಿ ಎಂಜಿನ್, ಹಳೇ ಪೆಟ್ರೋಲ್ ಅಂಬಾಸಿಡರಿನದು ಬ್ರಿಟನ್ನಿನ ಬಿಎಂಸಿ ಕಂಪನಿಯ 1489 ಸಿಸಿ ಬಿ-ಸೀರೀಸ್. ಎರಡೂ 4 ಸಿಲಿಂಡರ್, ಎರಡರಲ್ಲೂ ಫೈರಿಂಗ್ ಆರ್ಡರ್ (ಸಿಲಿಂಡರುಗಳಿಗೆ ಕಿಡಿ ಬೀಳುವ ಸರದಿ) 1-3-4-2, ಎರಡರಲ್ಲೂ ರೇಡಿಯೇಟರ್ ಪಕ್ಕದ್ದೇ 1ನೇ ಸಿಲಿಂಡರ್. ಐಸುಜು ಎಂಜಿನ್ನಿನ ಅಂಬಾಸಿಡರ್, ಡೀಸೆಲ್ ಗಾಡಿಗಳ ಮಾತು ಬೇರೆ.

ಸಾಮಾನು ಜಾಸ್ತಿ ಬೇಡ. ಒಂದು ಸಾಧಾರಣ ಮಲ್ಟಿಮೀಟರ್, 12 ವೋಲ್ಟ್ ಬಲ್ಬಿಗೆ ಎರಡು ವೈರ್ ಕಟ್ಟಿದ ಟೆಸ್ಟ್ ಲ್ಯಾಂಪ್, ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿಗಳು), ಪ್ಲಗ್ ಸ್ಪ್ಯಾನರ್, ನಯವಾದ ಉಪ್ಪುಕಾಗದ, ಹಿಡಿಗೆ ಒಳ್ಳೆಯ ರಬ್ಬರ್ ಇರುವ ಪ್ಲೈಯರ್. ಕೈಯಲ್ಲಿನ ಉಂಗುರ, ಕಡಗ, ವಾಚು ತೆಗೆದಿಡಿ. ಪಂಚೆ, ಲುಂಗಿ, ಟವೆಲ್ ಫ್ಯಾನಿನ ಹತ್ತಿರ ಬೇಡ. ಕಿಡಿ ನೋಡುವಾಗ ಪೆಟ್ರೋಲ್ ಸೋರುವ ಪೈಪು, ತೆರೆದ ಡಬ್ಬ ಯಾವುದೂ ಹತ್ತಿರ ಇರಬಾರದು. ಇನ್ನೊಂದು ವಿಷಯ ಎಷ್ಟೋ ಜನ ಮರೆಯುತ್ತಾರೆ: ಎಂಜಿನ್ ನಿಂತಿರುವಾಗ ಇಗ್ನಿಷನ್ ಆನ್ ಮಾಡಿ ಹಾಗೇ ಬಿಡಬೇಡಿ. ಪಾಯಿಂಟ್ ಮುಚ್ಚಿದ್ದರೆ ಕಾಯಿಲಿನಲ್ಲಿ ಸುಮ್ನೆ ಕರೆಂಟ್ ಹರಿದು ಅದು ಬೆಂದು ಹೋಗುತ್ತದೆ.

ಗಾಡಿ ಏನು ಹೇಳುತ್ತಿದೆ, ಕೇಳಿ

ಮಿಸ್ಸಿಂಗ್ ಯಾವಾಗ ಬರುತ್ತದೆ ಅನ್ನುವುದೇ ಅರ್ಧ ಉತ್ತರ. ನಿಂತಲ್ಲಿ ಚೆನ್ನಾಗಿ ಓಡುವ ಗಾಡಿ ಚಾಮುಂಡಿ ಬೆಟ್ಟದ ಏರಿನಲ್ಲಿ ಮೂರನೇ ಗೇರಿಗೆ ಬಂದು ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಮಿಸ್ ಹೊಡೆದರೆ ಕಿಡಿಯ ಮೇಲೆ ಅನುಮಾನ ಪಡಿ. ಭಾರ ಬಿದ್ದಾಗ ಸಿಲಿಂಡರಿನೊಳಗೆ ಒತ್ತಡ ಹೆಚ್ಚುತ್ತದೆ. ಒತ್ತಡ ಹೆಚ್ಚಾದಷ್ಟೂ ಪ್ಲಗ್ಗಿನ ಸಂದಿಯನ್ನು ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಬಿರುಕು ಬಿಟ್ಟ ಡಿಸ್ಟ್ರಿಬ್ಯೂಟರ್ ಕ್ಯಾಪೋ (ಕಿಡಿಯನ್ನು ನಾಲ್ಕು ಪ್ಲಗ್ಗಿಗೆ ಹಂಚುವ ಡಬ್ಬಿಯ ಮುಚ್ಚಳ) ಸುಸ್ತಾದ ಕಾಯಿಲೋ ಇದ್ದರೆ ಕಿಡಿ ಪ್ಲಗ್ಗಿನವರೆಗೆ ಹೋಗದೆ ಮಧ್ಯೆ ಸುಲಭದ ದಾರಿ ಹಿಡಿದು ಬಾಡಿಗೆ ಇಳಿದುಬಿಡುತ್ತದೆ. ಅದಕ್ಕೇ ಬೆಟ್ಟ ಇಳಿಯುವಾಗ ಎಲ್ಲ ಸರಿ ಅನಿಸುವುದು.

ಕರೆಂಟಿನ ತೊಂದರೆ ಬರುವುದು ದಿಢೀರ್ ಅಂತ. ಸ್ವಿಚ್ ಆರಿಸಿದ ಹಾಗೆ ಎಂಜಿನ್ ಕಟ್ ಆಗುತ್ತದೆ, ಮತ್ತೆ ದಿಢೀರ್ ಅಂತ ಹಿಡಿದುಕೊಳ್ಳುತ್ತದೆ. ಪೆಟ್ರೋಲಿನ ತೊಂದರೆ ನಿಧಾನ. ಮಂಡ್ಯ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಿರುವಾಗ ಶಕ್ತಿ ಕುಗ್ಗುತ್ತಾ ಬಂದು, ಗಾಡಿ ಮುಗ್ಗರಿಸುತ್ತಾ ನಿಂತು, ಎರಡು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಮತ್ತೆ ಸ್ವಲ್ಪ ದೂರ ಓಡಿದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಛೇಂಬರಿಗೆ ಪೆಟ್ರೋಲ್ ಸಾಲುತ್ತಿಲ್ಲ ಅಂತ ಅರ್ಥ. ಬಿಸಿಯಾದ ಮೇಲೆ ನಿಂತು, ಅರ್ಧ ಗಂಟೆ ತಣ್ಣಗಾದ ಮೇಲೆ ಏನೂ ಆಗಿಲ್ಲ ಅನ್ನುವಂತೆ ಓಡಿದರೆ ಕಾಯಿಲ್ ಅಥವಾ ಕಂಡೆನ್ಸರ್ ನೋಡಿ. ಮಳೆಗಾಲದ ಬೆಳಿಗ್ಗೆ ಮಾತ್ರ ತೊಂದರೆ ಅಂದರೆ ಕ್ಯಾಪ್ ಮತ್ತು ಪ್ಲಗ್ ವೈರ್.

ಬ್ಯಾಟರಿ, ಅರ್ತ್

ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬ್ಯಾಟರಿ 12.6 ವೋಲ್ಟ್ ಸುಮಾರು ತೋರಿಸಬೇಕು. 12.2 ಅಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಚಾರ್ಜ್ ಆಗಿಲ್ಲ, ಇಲ್ಲವೇ ಅದರ ಕಥೆ ಮುಗಿದಿದೆ. ಇದನ್ನು ಮೊದಲು ನೋಡುವುದಕ್ಕೆ ಕಾರಣ ಇದೆ. ಸೆಲ್ಫ್ ಎಳೆಯುವಾಗ ವೋಲ್ಟೇಜ್ ಕುಸಿದರೆ ಕಾಯಿಲಿಗೂ ಅಷ್ಟೇ ಸಿಗುತ್ತದೆ, ಕಿಡಿಯೂ ಮಂಕಾಗುತ್ತದೆ. ತಳ್ಳಿದರೆ ಸ್ಟಾರ್ಟ್ ಆಗುತ್ತದೆ, ಸೆಲ್ಫಿನಲ್ಲಿ ಆಗುವುದಿಲ್ಲ ಅನ್ನುವ ಗಾಡಿಗಳಲ್ಲಿ ಸಾಮಾನ್ಯವಾಗಿ ಇದೇ ರೋಗ.

ಅರ್ತಿನ ಬಗ್ಗೆ ಇನ್ನೂ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಹಳೇ ಗಾಡಿಯಲ್ಲಿ ಅರ್ಧ ದೆವ್ವಗಳು ಇರುವುದು ಇಲ್ಲೇ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಹಾಗಾಗಿ ಎಂಜಿನ್ನಿನಿಂದ ಬಾಡಿಗೆ ಒಂದು ದಪ್ಪ ಪಟ್ಟಿ ಇರಲೇಬೇಕು. ಯಾವಾಗಲೋ ಗೇರ್‌ಬಾಕ್ಸ್ ಇಳಿಸಿದವರು ಅದನ್ನು ವಾಪಸ್ ಹಾಕಿರುವುದಿಲ್ಲ. ಆಗ ಸೆಲ್ಫಿನ ಅಷ್ಟೂ ಕರೆಂಟ್ ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಮೂಲಕ ದಾರಿ ಹುಡುಕುತ್ತದೆ. ಸೆಲ್ಫ್ ಹೊಡೆದ ಮೇಲೆ ಚೋಕ್ ಕೇಬಲ್ ಮುಟ್ಟಿ ನೋಡಿ, ಬಿಸಿಯಾಗಿದ್ದರೆ ಇನ್ನೇನೂ ನೋಡಬೇಕಾಗಿಲ್ಲ.

ಅಳೆಯುವ ರೀತಿ ಇದು. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ತ್ ಕಂಬಕ್ಕೆ, ಅಂದರೆ ಕ್ಲಾಂಪಿಗಲ್ಲ, ಸೀಸದ ಕಂಬಕ್ಕೇ, ಇನ್ನೊಂದನ್ನು ಎಂಜಿನ್ ಬ್ಲಾಕಿನ ಕೆರೆದ ಜಾಗಕ್ಕೆ ಹಿಡಿಯಿರಿ. ಕಾಯಿಲಿನ ನಡು ವೈರ್ ಕಿತ್ತು ಅದರ ತುದಿಯನ್ನು ಬ್ಲಾಕಿಗೆ ತಾಗಿಸಿಟ್ಟು ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳಿ. 0.2 ವೋಲ್ಟಿನೊಳಗೆ ಇದ್ದರೆ ಸರಿ. ಅರ್ಧ ವೋಲ್ಟ್, ಒಂದು ವೋಲ್ಟ್ ತೋರಿಸಿದರೆ ಕೇಬಲ್ ಬಿಚ್ಚಿ, ಪೇಂಟ್ ಮತ್ತು ತುಕ್ಕು ಕೆರೆದು, ಲೋಹಕ್ಕೆ ಲೋಹ ತಾಗುವಂತೆ ಬಿಗಿದು ಮೇಲೆ ವ್ಯಾಸಲೀನ್ ಹಚ್ಚಿ. ಕಣ್ಣಿಗೆ ಚೆನ್ನಾಗಿ ಕಾಣುವ ಕೇಬಲ್ ಒಳಗೆ ಹಸಿರುಗಟ್ಟಿರಬಹುದು, ಓಮ್ಸ್‌ನಲ್ಲಿ ಅಳೆದರೆ ಅದು ಗೊತ್ತಾಗುವುದಿಲ್ಲ. ಕರೆಂಟ್ ಹರಿಯುವಾಗಲೇ ಅಳೆಯಬೇಕು.

ತುಂಬಾ ಹಳೇ ಬ್ರಿಟಿಷ್ ವಿನ್ಯಾಸದ ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ ಬಾಡಿಗೆ ಹೋಗಿರುತ್ತದೆ. ಹೊಸ ಬ್ಯಾಟರಿ ಕೂರಿಸುವ ಮೊದಲು ಇದನ್ನು ನೋಡಿಕೊಳ್ಳಿ. ಹಿಂದಿನ ಮಾಲೀಕರು ಅದನ್ನು ಮೈನಸ್ ಅರ್ತಿಗೆ ಬದಲಾಯಿಸಿದ್ದರೆ ಕಾಯಿಲಿನ ಎರಡು ಸಣ್ಣ ವೈರ್‌ಗಳನ್ನೂ ಅದಲುಬದಲು ಮಾಡಿರಬೇಕು. ಮಾಡಿರದಿದ್ದರೆ ಗಾಡಿ ಓಡುತ್ತದೆ, ಆದರೆ ಕಿಡಿಯ ದಿಕ್ಕು ಉಲ್ಟಾ ಆಗಿ ಬಲ ಕಡಿಮೆಯಾಗುತ್ತದೆ.

ಯಾವ ಸಿಲಿಂಡರ್ ಸತ್ತಿದೆ?

ಎಂಜಿನ್ ಸ್ಲೋ ಸ್ಪೀಡಿನಲ್ಲಿ ಓಡುತ್ತಿರುವಾಗ ರಬ್ಬರ್ ಹಿಡಿಯ ಪ್ಲೈಯರಿನಿಂದ ಒಂದೊಂದೇ ಪ್ಲಗ್ ವೈರ್ ಎಳೆಯಿರಿ. ಎಳೆದಾಗ ಎಂಜಿನ್ ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿತ್ತು. ಏನೂ ವ್ಯತ್ಯಾಸ ಆಗದಿದ್ದರೆ ಸಿಕ್ಕಿಬಿದ್ದ. ಎಳೆದ ವೈರನ್ನು ಗಾಳಿಯಲ್ಲಿ ನೇತಾಡಲು ಬಿಡದೆ, ಬ್ಲಾಕಿಗೆ ತಾಗಿಸಿಟ್ಟ ಒಂದು ಹಳೇ ಪ್ಲಗ್ಗಿಗೆ ಚುಚ್ಚಿ. ಹೋಗಲು ದಾರಿ ಇಲ್ಲದ ಕಿಡಿ ಕಾಯಿಲನ್ನೋ ರೋಟರನ್ನೋ (ಕ್ಯಾಪಿನೊಳಗೆ ತಿರುಗಿ ಕಿಡಿ ಹಂಚುವ ತುಂಡು) ಒಳಗೇ ಕೊರೆಯುತ್ತದೆ. ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿಸಿರುವ ಗಾಡಿಯಲ್ಲಿ ಈ ಪರೀಕ್ಷೆಯೇ ಬೇಡ, ಮಾಡ್ಯೂಲ್ ಸುಟ್ಟರೆ ದುಬಾರಿ.

ಸತ್ತ ಸಿಲಿಂಡರಿನ ಪ್ಲಗ್ಗನ್ನು ಪಕ್ಕದ್ದಕ್ಕೆ ಹಾಕಿ ನೋಡಿ. ರೋಗ ಪ್ಲಗ್ಗಿನ ಜೊತೆ ಹೋದರೆ ಪ್ಲಗ್ ಬಿಸಾಕಿ. ಹೋಗದಿದ್ದರೆ ಎರಡೂ ತುದಿ ಬಿಚ್ಚಿ ವೈರನ್ನೇ ಅದಲುಬದಲು ಮಾಡಿ, ಹಾಗೇ ಮುಂದುವರಿಯಿರಿ. ಪ್ಲಗ್ಗಿನ ಮುಖ ನೋಡುವುದನ್ನೂ ಮರೆಯಬೇಡಿ. ತಿಳಿ ಕಂದು ಬಣ್ಣ ಆರೋಗ್ಯ. ಒಣ ಕರಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ, ಇಲ್ಲವೇ ಕಿಡಿ ಕಡಿಮೆ. ಜಿಡ್ಡು ಜಿಡ್ಡಾಗಿದ್ದರೆ ಆಯಿಲ್ ಮೇಲೆ ಬರುತ್ತಿದೆ. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಕಡಿಮೆ ಅಥವಾ ಎಲ್ಲಿಂದಲೋ ಗಾಳಿ ಒಳಗೆ ಹೋಗುತ್ತಿದೆ. ಪ್ಲಗ್ ಗ್ಯಾಪ್ 0.6 ಮಿ.ಮೀ. ಸುಮಾರು ಇರಲಿ. ಒಂದೇ ಅಲ್ಲ, ನಾಲ್ಕೂ ಸಿಲಿಂಡರ್ ಸರದಿಯಲ್ಲಿ ಮಿಸ್ ಹೊಡೆಯುತ್ತಿದ್ದರೆ ತೊಂದರೆ ಎಲ್ಲಕ್ಕೂ ಸೇರಿದ ಜಾಗದಲ್ಲಿದೆ: ಪಾಯಿಂಟ್, ಕಂಡೆನ್ಸರ್, ಕಾಯಿಲ್, ರೋಟರ್.

ಪಾಯಿಂಟ್ ಹತ್ತಿರ ಕೂತು ಕೆಲಸ ಮಾಡಿ

ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಪಾಯಿಂಟ್ ಬಿಡಿಸಿ ನೋಡಿ. ಎರಡೂ ಮುಖ ಬೂದು ಬಣ್ಣಕ್ಕೆ ಸಮವಾಗಿದ್ದರೆ ಒಳ್ಳೆಯದು. ಒಂದರಲ್ಲಿ ಗುಳಿ, ಇನ್ನೊಂದರಲ್ಲಿ ಉಬ್ಬು ಎದ್ದಿದ್ದರೆ, ಸುಟ್ಟು ನೀಲಿಯಾಗಿದ್ದರೆ ಹೊಸದು ಹಾಕಿ, ಕಂಡೆನ್ಸರನ್ನೂ ಅನುಮಾನಿಸಿ. ಸ್ವಲ್ಪ ಕರಿಯಾಗಿದ್ದರೆ ಉಪ್ಪುಕಾಗದದಲ್ಲಿ ಹಗುರವಾಗಿ ಉಜ್ಜಿ, ಆಮೇಲೆ ಮದುವೆ ಕಾರ್ಡಿನ ಒಂದು ತುಂಡನ್ನು ಮಧ್ಯೆ ಇಟ್ಟು ಎಳೆಯಿರಿ, ಧೂಳು ಜಿಡ್ಡು ಎಲ್ಲ ಬರುತ್ತದೆ. ಹೊಸ ಪಾಯಿಂಟಿನ ಮೇಲೂ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಸವರಿರುತ್ತಾರೆ, ಅದನ್ನು ಒರೆಸದೆ ಹಾಕಿದರೆ ಹೊಸದೇ ಮಿಸ್ ಹೊಡೆಯುತ್ತದೆ.

ಗ್ಯಾಪ್ ಅಳೆಯುವುದು ಪಾಯಿಂಟಿನ ಹಿಮ್ಮಡಿ ಕ್ಯಾಮಿನ ತುದಿಯ ಮೇಲೆ ಕೂತಾಗ. ಅಂಬಾಸಿಡರಿನ ಹಳೇ ಎಂಜಿನ್ನಿಗೆ 0.35ರಿಂದ 0.40 ಮಿ.ಮೀ. ಪದ್ಮಿನಿಗೆ ಇದಕ್ಕಿಂತ ಕೊಂಚ ಜಾಸ್ತಿ, ನಿಮ್ಮ ಗಾಡಿಯ ಮ್ಯಾನ್ಯುಯಲ್ ನೋಡಿ ಇಡಿ. ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡರೆ ಯಾವುದಕ್ಕಾದರೂ 0.4 ಇಟ್ಟು ಮನೆ ಸೇರಬಹುದು. ಗ್ಯಾಪ್ ಬದಲಾದರೆ ಟೈಮಿಂಗೂ (ಕಿಡಿ ಬೀಳುವ ಸಮಯ) ಬದಲಾಗುತ್ತದೆ, ಆದ್ದರಿಂದ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ಟೈಮಿಂಗ್ ನೋಡಲು ಟೆಸ್ಟ್ ಲ್ಯಾಂಪ್ ಸಾಕು. ಕಾಯಿಲಿನಿಂದ ಪಾಯಿಂಟಿಗೆ ವೈರ್ ಹೋಗುವ ತುದಿಗೆ ಒಂದು ಕಡೆ, ಬಾಡಿಗೆ ಇನ್ನೊಂದು ಕಡೆ ಹಿಡಿದು, ಇಗ್ನಿಷನ್ ಆನ್ ಇಟ್ಟು ಎಂಜಿನ್ ಕೈಯಲ್ಲಿ ತಿರುಗಿಸಿದರೆ, ಪಾಯಿಂಟ್ ಬಿಡಿಸಿಕೊಳ್ಳುವ ಕ್ಷಣಕ್ಕೆ ಸರಿಯಾಗಿ ಬಲ್ಬ್ ಹತ್ತುತ್ತದೆ. ಆ ಕ್ಷಣ ಪುಲ್ಲಿ ಅಥವಾ ಫ್ಲೈವೀಲಿನ ಗುರುತಿಗೆ ಹೊಂದಬೇಕು.

ಗ್ಯಾಪ್ ಇಟ್ಟ ಮೇಲೆ ರೋಟರ್ ಕೂರುವ ಶಾಫ್ಟನ್ನು ಆಚೀಚೆ ಅಲುಗಾಡಿಸಿ. ಬುಷ್ ಸವೆದು ಶಾಫ್ಟ್ ಆಡುತ್ತಿದ್ದರೆ ನೀವು ಎಷ್ಟು ನಾಜೂಕಾಗಿ ಗ್ಯಾಪ್ ಇಟ್ಟರೂ ಓಡುವಾಗ ಅದು ನಿಲ್ಲುವುದಿಲ್ಲ. ಹಾಗೇ, ಒಳಗೆ ಪಾಯಿಂಟ್ ಪ್ಲೇಟಿಗೆ ಹೋಗುವ ಸಣ್ಣ ವೈರನ್ನು ಬೆರಳಲ್ಲಿ ಎಳೆದು ನೋಡಿ. ವ್ಯಾಕ್ಯೂಮ್ ಅಡ್ವಾನ್ಸ್ (ಎಂಜಿನ್ನಿನ ಎಳೆತದಿಂದ ಟೈಮಿಂಗ್ ಬದಲಾಯಿಸುವ ಏರ್ಪಾಡು) ಇರುವ ಗಾಡಿಯಲ್ಲಿ ಪ್ಲೇಟ್ ಹಿಂದೆ ಮುಂದೆ ಆಡಿ ಆಡಿ ಈ ವೈರ್ ಮೇಲಿನ ಕವಚದೊಳಗೇ ತುಂಡಾಗಿರುತ್ತದೆ. ಹೊರಗಿನಿಂದ ಕಾಣುವುದೇ ಇಲ್ಲ. ನಿಂತಾಗ ತುದಿಗಳು ತಾಗಿರುತ್ತವೆ, ಆಕ್ಸಿಲರೇಟರ್ ಒತ್ತಿದಾಗ ಬಿಡುತ್ತವೆ. ಪ್ಲೇಟನ್ನು ಬಾಡಿಗೆ ಸೇರಿಸುವ ಹೆಣೆದ ಅರ್ತ್ ವೈರಿಗೂ ಇದೇ ಗತಿ.

ಕಂಡೆನ್ಸರ್ ಕೆಟ್ಟಿದ್ದರೆ ಎಂಜಿನ್ ಓಡುವಾಗ ಪಾಯಿಂಟಿನಲ್ಲಿ ದಪ್ಪ ಕಿಡಿ ಹಾರುತ್ತದೆ, ಸೈಲೆನ್ಸರಿನಲ್ಲಿ ಢಂ ಅನ್ನುತ್ತದೆ. ಮೀಟರಿನಲ್ಲಿ ಕೆಪಾಸಿಟೆನ್ಸ್ ಇದ್ದರೆ 0.2 ಮೈಕ್ರೋಫ್ಯಾರಡ್ ಹತ್ತಿರ ತೋರಿಸಬೇಕು, ಆದರೆ ಬಿಸಿಯಾದಾಗ ಮಾತ್ರ ಕೆಡುವ ಕಂಡೆನ್ಸರ್ ತಣ್ಣಗಿರುವಾಗ ಪಾಸಾಗಿಬಿಡುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಈಗ ಸಿಗುವ ಹೊಸ ಕಂಡೆನ್ಸರಿಗಿಂತ ಇಪ್ಪತ್ತು ವರ್ಷ ಓಡಿದ ಹಳೆಯದೇ ಮೇಲು. ಕೆಟ್ಟಿದೆ ಅಂತ ಖಾತ್ರಿಯಾಗದೆ ತೆಗೆಯಬೇಡಿ.

ಕಾಯಿಲಿನ ಎರಡು ಸಣ್ಣ ತುದಿಗಳ ಮಧ್ಯೆ, ವೈರ್ ಬಿಚ್ಚಿ ಅಳೆದರೆ, ಸುಮಾರು 3 ಓಮ್ ಬರಬೇಕು. ಒಂದೂವರೆ ಓಮ್ ಸುಮಾರು ಬಂದರೆ ಅದು ಬೇರೆ ರೆಸಿಸ್ಟರ್ ಜೊತೆ ಓಡಬೇಕಾದ ಕಾಯಿಲ್, ನೇರ 12 ವೋಲ್ಟಿಗೆ ಕೊಟ್ಟರೆ ಅದೂ ಬಿಸಿ, ಪಾಯಿಂಟೂ ಬೂದಿ. ಅಂಗಡಿಯಲ್ಲಿ "ಇದೇ ಆಗತ್ತೆ ಸಾರ್" ಅಂತ ಕೊಟ್ಟದ್ದನ್ನು ಅಳೆದೇ ಹಾಕಿ. ಕಿಡಿ ನೋಡುವುದಾದರೆ ಕಾಯಿಲಿನ ನಡು ವೈರಿನ ತುದಿಯನ್ನು ಬ್ಲಾಕಿನಿಂದ 6 ಮಿ.ಮೀ. ದೂರ ಪ್ಲೈಯರಿನಲ್ಲಿ ಹಿಡಿದು ಸೆಲ್ಫ್ ಹೊಡೆಸಿ. ನೀಲಿ ಕಿಡಿ ಚಟ್ ಚಟ್ ಅಂತ ಪ್ರತಿ ಸಲ ಹಾರಬೇಕು. ಹಳದಿಯಾಗಿ, ಸದ್ದಿಲ್ಲದೆ, ಬಿಟ್ಟುಬಿಟ್ಟು ಹಾರಿದರೆ ಸಾಲದು.

ಇಲ್ಲಿ ಚೆನ್ನಾಗಿದ್ದು ಪ್ಲಗ್ಗಿಗೆ ಬರುತ್ತಿಲ್ಲ ಅಂದರೆ ಮಧ್ಯೆ ಉಳಿದದ್ದು ರೋಟರ್, ಕ್ಯಾಪ್, ವೈರ್. ಅದೇ ನಡು ವೈರಿನ ತುದಿಯನ್ನು ಈಗ ರೋಟರಿನ ಮೇಲಿನ ಹಿತ್ತಾಳೆಯಿಂದ ಸ್ವಲ್ಪ ಎತ್ತರ ಹಿಡಿದು ಪಾಯಿಂಟ್ ಬಿಡಿಸಿ. ಕಿಡಿ ಹಾರಿತು ಅಂದರೆ ರೋಟರ್ ಒಳಗೆ ತೂತಾಗಿ ಶಾಫ್ಟಿಗೆ ಕರೆಂಟ್ ಇಳಿಯುತ್ತಿದೆ. ಕ್ಯಾಪಿನೊಳಗೆ ಪೆನ್ಸಿಲ್ ಗೆರೆಯಂಥ ಕರಿ ಗೆರೆ, ಸವೆದ ಕಾರ್ಬನ್ ಬಟನ್ ಹುಡುಕಿ. ಎಲ್ಲಕ್ಕಿಂತ ಚೆಂದದ ಪರೀಕ್ಷೆ ರಾತ್ರಿಯದು. ಲೈಟ್ ಆರಿಸಿ, ಎಂಜಿನ್ ಓಡುತ್ತಿರುವಾಗ ಹೂವಿನ ಕುಂಡಕ್ಕೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿಯಿಂದ ಕ್ಯಾಪ್ ಮತ್ತು ವೈರ್ ಸುತ್ತ ತುಂತುರು ಹೊಡೆಯಿರಿ. ಎಲ್ಲಿ ಸೋರುತ್ತಿದೆಯೋ ಅಲ್ಲಿ ನೀಲಿ ಕಿಡಿ ಕುಣಿಯುತ್ತದೆ. ಆಗ ಕೈ ಮಾತ್ರ ದೂರ ಇರಲಿ.

ಈಗ ಪೆಟ್ರೋಲ್

ಕಿಡಿ ಸರಿಯಿದೆ ಅಂತ ಖಾತ್ರಿಯಾದ ಮೇಲೇ ಇಲ್ಲಿಗೆ ಬನ್ನಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೆ ಎಥನಾಲ್ ಇರುತ್ತದೆ. ಮಂಡ್ಯದವರಿಗೆ ಹೇಳಬೇಕಾಗಿಲ್ಲ, ಕಬ್ಬಿನಿಂದಲೂ ಬರುವುದೇ ಅದು. ರೈತನಿಗೆ ಒಳ್ಳೆಯದಿರಬಹುದು, ಆದರೆ 70-80ರ ದಶಕದ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ಮು ಅದಕ್ಕೆ ತಯಾರಾದವಲ್ಲ. ಪೈಪಿನ ಒಳಗೋಡೆ ಮೆತ್ತಗಾಗಿ ಚೂರು ಚೂರಾಗಿ ಕಾರ್ಬುರೇಟರಿನ ಸಣ್ಣ ತೂತಾದ ಜೆಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಎಥನಾಲ್ ನೀರನ್ನೂ ಹೀರುತ್ತದೆ, ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಯ ಟ್ಯಾಂಕಿಗೆ ತುಕ್ಕು ತರುತ್ತದೆ. ಎಥನಾಲ್ ತಡೆಯುವ ಪೈಪ್ ಹಾಕಿಸಿ, ಪಂಪಿನ ಮೊದಲು ಒಂದು ಪಾರದರ್ಶಕ ಫಿಲ್ಟರ್ ಇಡಿ, ಗಾಡಿ ಓಡಿಸದೆ ಇಡುವುದಾದರೆ ಟ್ಯಾಂಕ್ ತುಂಬಿಸಿ ಇಡಿ.

ಬೇಸಿಗೆಯಲ್ಲಿ ಟ್ರಾಫಿಕ್ಕಿನಲ್ಲಿ ನಿಂತಾಗ ಪದ್ಮಿನಿಯ ಪೆಟ್ರೋಲ್ ಪಂಪ್ ಬಿಸಿಯಾಗಿ ಒಳಗೆ ಆವಿ ಕಟ್ಟಿಕೊಳ್ಳುವುದು ಹಳೇ ಕಥೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವ ಉಪಾಯ ಈಗಲೂ ನಡೆಯುತ್ತದೆ. ಸ್ಲೋ ಸ್ಪೀಡ್ ಮಾತ್ರ ಕೆಟ್ಟು, ಜೋರಾಗಿ ಓಡಿಸಿದಾಗ ಸರಿಯಿದ್ದರೆ ಕಾರ್ಬುರೇಟರ್ ಬುಡದ ಗ್ಯಾಸ್ಕೆಟ್, ಮ್ಯಾನಿಫೋಲ್ಡ್ ನಟ್ಟು, ಬ್ರೇಕ್ ಬೂಸ್ಟರ್ ಇದ್ದರೆ ಅದರ ಪೈಪು ನೋಡಿ. ಅಲ್ಲಿ ಸ್ವಲ್ಪ ಸೋಪಿನ ನೀರು ಚಿಮುಕಿಸಿದಾಗ ಎಂಜಿನ್ನಿನ ಸದ್ದು ಬದಲಾದರೆ ಗಾಳಿ ಒಳಗೆ ಹೋಗುತ್ತಿರುವ ಜಾಗ ಅದೇ. ಪೆಟ್ರೋಲ್ ಚಿಮುಕಿಸಿ ನೋಡುವವರೂ ಇದ್ದಾರೆ, ದಯವಿಟ್ಟು ಬೇಡ.

ಇಷ್ಟಾಗಿಯೂ ಒಂದು ಸಿಲಿಂಡರ್ ಸತ್ತೇ ಇದ್ದರೆ ಕಂಪ್ರೆಷನ್ ನೋಡಿಸಿ. ನಾಲ್ಕರ ಅಂಕಿಯೂ ಹತ್ತಿರ ಹತ್ತಿರ ಇರಬೇಕು. ಕಡಿಮೆ ಇರುವುದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡು ಒಟ್ಟಿಗೆ ಕಡಿಮೆ ಇದ್ದರೆ ಮಧ್ಯೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಇದು ಮನೆ ಮುಂದೆ ಮಾಡುವ ಕೆಲಸ ಅಲ್ಲ, ಒಳ್ಳೆಯ ಮೇಸ್ತ್ರಿ ಹುಡುಕಿ.

ಲೈಟು, ಹಾರನ್ನು, ರಾತ್ರೋರಾತ್ರಿ ಇಳಿಯುವ ಬ್ಯಾಟರಿ

ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿನುಗುತ್ತದೆ, ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ಲೈಟ್ ಕುಣಿಯುತ್ತದೆ ಅಂದರೆ ವೈರಿಂಗ್ ಪೂರ್ತಿ ಕೀಳಬೇಕಾಗಿಲ್ಲ. ಆ ಲ್ಯಾಂಪಿನ ಅರ್ತ್ ಸ್ಕ್ರೂ ಬಿಚ್ಚಿ ಕೆರೆದು ಹಾಕಿ. ಹೆಡ್‌ಲೈಟ್ ಮಂಕಾಗಿದ್ದರೆ ಬಲ್ಬಿನ ಹತ್ತಿರ ವೋಲ್ಟೇಜ್ ಅಳೆದು ಬ್ಯಾಟರಿಯದಕ್ಕೆ ಹೋಲಿಸಿ. ಒಂದು ವೋಲ್ಟಿಗಿಂತ ಜಾಸ್ತಿ ಮಧ್ಯದಲ್ಲಿ ಕಳೆದುಹೋಗುತ್ತಿದ್ದರೆ ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಬಿಡುವ ಸ್ವಿಚ್) ಹಾಕಿಸಿ. 60 ವ್ಯಾಟಿನ ಎರಡು ಬಲ್ಬ್ ಅಂದರೆ ಹತ್ತು ಆಂಪಿಯರ್, ಆ ಭಾರವನ್ನೆಲ್ಲ ಹಳೇ ಸ್ವಿಚ್ಚಿನ ಮೇಲೆ ಹಾಕಿದರೆ ಒಂದು ದಿನ ಅದು ಕರಗುತ್ತದೆ.

ಫ್ಯೂಸ್ ಸರಿಯಿದ್ದೂ ಕರೆಂಟ್ ಬರದಿದ್ದರೆ ಹೋಲ್ಡರಿನ ಹಿತ್ತಾಳೆ ಕ್ಲಿಪ್ ಹಸಿರುಗಟ್ಟಿರುತ್ತದೆ. ಫ್ಯೂಸನ್ನು ಜಾಗದಲ್ಲೇ ತಿರುಗಿಸಿದಾಗ ಲೈಟ್ ಹತ್ತಿದರೆ ಅದೇ. ಸುಟ್ಟ ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವ ಚಾಳಿ ಬಿಡಿ. ಫ್ಯೂಸ್ ಬದಲು ವೈರ್ ಸುಡುತ್ತದೆ, ಹಳೇ ವೈರಿನ ಪಕ್ಕದಲ್ಲೇ ಪೆಟ್ರೋಲ್ ಪೈಪ್ ಇರುತ್ತದೆ.

ಚಾರ್ಜಿಂಗ್ ನೋಡಲು ಎಂಜಿನ್ ಸ್ವಲ್ಪ ಜೋರಾಗಿ ಓಡಿಸಿ ಬ್ಯಾಟರಿ ತುದಿಯಲ್ಲಿ ಅಳೆಯಿರಿ. ಆಲ್ಟರ್ನೇಟರ್ ಇದ್ದರೆ 13.8ರಿಂದ 14.4 ವೋಲ್ಟ್. ಡೈನಮೋ ಇರುವ ಗಾಡಿ ಸ್ಲೋ ಸ್ಪೀಡಿನಲ್ಲಿ ಚಾರ್ಜ್ ಮಾಡುವುದೇ ಇಲ್ಲ ಅನ್ನಬಹುದು, ಕೆಂಪು ಲೈಟ್ ಮಿಣಮಿಣ ಅಂದರೆ ಗಾಬರಿ ಬೇಡ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ನೀರು ಕುದಿಯುವ ಮೊದಲು ನೋಡಿಸಿ.

ಬೆಳಿಗ್ಗೆ ಎದ್ದರೆ ಬ್ಯಾಟರಿ ಸತ್ತಿರುತ್ತದೆ ಅನ್ನುವವರು ಹೀಗೆ ಮಾಡಿ. ಎಲ್ಲ ಆಫ್ ಮಾಡಿ, ಬಾಗಿಲು ಮುಚ್ಚಿ, ಬ್ಯಾಟರಿಯ ಅರ್ತ್ ಕೇಬಲ್ ಬಿಚ್ಚಿ, ಮೀಟರನ್ನು 10 ಆಂಪಿಯರ್‌ಗೆ ಇಟ್ಟು ಕಂಬಕ್ಕೂ ಕೇಬಲ್ಲಿಗೂ ಮಧ್ಯೆ ಸೇರಿಸಿ. ಆಗ ಸೆಲ್ಫ್ ಮುಟ್ಟಲೇಬೇಡಿ, ಮೀಟರ್ ಹೋಗುತ್ತದೆ. ಕಂಪ್ಯೂಟರ್ ಗಿಂಪ್ಯೂಟರ್ ಇಲ್ಲದ ಗಾಡಿ ಇದು, ಹೆಚ್ಚುಕಮ್ಮಿ ಸೊನ್ನೆ ಬರಬೇಕು. ಬರದಿದ್ದರೆ ಒಂದೊಂದೇ ಫ್ಯೂಸ್ ಕೀಳುತ್ತಾ ಹೋಗಿ, ಯಾವುದನ್ನು ಕಿತ್ತಾಗ ಸೊನ್ನೆಗೆ ಇಳಿಯುತ್ತದೋ ಆ ದಾರಿಯಲ್ಲಿ ಕಳ್ಳ ಇದ್ದಾನೆ. ಯಾವುದರಿಂದಲೂ ಇಳಿಯದಿದ್ದರೆ ಆಲ್ಟರ್ನೇಟರಿನ ವೈರ್ ಬಿಚ್ಚಿ ನೋಡಿ, ಒಳಗಿನ ಡಯೋಡ್ ಸೋರುತ್ತಿರಬಹುದು. ಹಿಂದಿನ ಮಾಲೀಕರು ಫ್ಯೂಸ್ ಇಲ್ಲದೆ ನೇರ ಬ್ಯಾಟರಿಯಿಂದ ಎಳೆದ ಮ್ಯೂಸಿಕ್ ಸಿಸ್ಟಂ ಇನ್ನೊಬ್ಬ ಆರೋಪಿ. ತೋಟದ ಮನೆಯಲ್ಲಿ, ಹುಲ್ಲಿನ ಮೆದೆಯ ಪಕ್ಕ ಗಾಡಿ ನಿಲ್ಲಿಸುವವರು ಡ್ಯಾಶ್‌ಬೋರ್ಡಿನ ಹಿಂದೆ ಟಾರ್ಚ್ ಹಾಕಿ ಇಲಿ ಕಡಿದ ಗುರುತನ್ನೂ ಹುಡುಕಬೇಕು.

ಡಿಕ್ಕಿಯಲ್ಲಿ ಒಂದು ಡಬ್ಬ ಇರಲಿ: ಪಾಯಿಂಟ್ ಸೆಟ್, ಕಂಡೆನ್ಸರ್, ರೋಟರ್, ಒಂದು ಪ್ಲಗ್, ಸರಿಯಾದ ಆಂಪಿಯರಿನ ಫ್ಯೂಸ್‌ಗಳು, ಎರಡು ಮೀಟರ್ ವೈರ್, ಟೇಪು, ಟೆಸ್ಟ್ ಲ್ಯಾಂಪ್. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದಾಗ ಪದ್ಮಿನಿ, ಅಂಬಾಸಿಡರ್ ಸಾಮಾನು ಒಟ್ಟಿಗೆ ತಂದಿಟ್ಟುಕೊಳ್ಳಿ. ಆದರೆ ಹೊಸ ಸಾಮಾನನ್ನು ಪೊಟ್ಟಣ ಬಿಚ್ಚದೆ ಹಾಗೇ ಡಬ್ಬಕ್ಕೆ ಹಾಕಬೇಡಿ. ಒಂದು ಸಲ ಗಾಡಿಗೆ ಕೂರಿಸಿ, ಮಂಡ್ಯಕ್ಕೋ ನಂಜನಗೂಡಿಗೋ ಒಂದು ಸುತ್ತು ಓಡಿಸಿ, ಚೆನ್ನಾಗಿದೆ ಅಂತ ಗೊತ್ತಾದ ಮೇಲೆ ಬಿಚ್ಚಿ, ಮೇಲೆ ತಾರೀಖು ಬರೆದು ಡಬ್ಬಕ್ಕೆ ಸೇರಿಸಿ.